ಹವ್ಯಾಸಿ ರೇಡಿಯೋ ಸ್ಪರ್ಧೆಗಳಲ್ಲಿ ಭಾಗವಹಿಸುವಿಕೆ: ಅರ್ಜಿದಾರರ ಹಾಗೂ ಪರವಾನಗಿದಾರರ ಮಾಹಿತಿಗಾಗಿ

1. ಪೀಠಿಕೆ

ಹ್ಯಾಮ್ ರೇಡಿಯೋ ಎಂದು ಜನಸಾಮಾನ್ಯರಲ್ಲಿ ಪರಿಚಿತವಾಗಿರುವ ಹವ್ಯಾಸಿ ರೇಡಿಯೋ ಸೇವೆಯು ಸ್ವಂತ ಕಲಿಕೆ, ಪರಸ್ಪರ ಸಂಪರ್ಕ ಹಾಗೂ ತಾಂತ್ರಿಕ ಪ್ರಯೋಗಗಳಿಗಾಗಿ ಮೀಸಲಾದ ಸೇವೆಯಾಗಿರುತ್ತದೆ. ಇದರಲ್ಲಿ ಹಣ ಸಂಪಾದನೆಗೆ ಅವಕಾಶವಿರುವುದಿಲ್ಲ. ಈ ಸೇವೆಯ ಪರವಾನಗಿ ಹೊಂದಿದವರು ವರ್ಷವಿಡೀ ನಡೆಯುವ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ತಮ್ಮ ಮನೆಯಿಂದಲೇ ಭಾಗವಹಿಸಬಹುದು. ನಿಗದಿತ ಅವಧಿಯಲ್ಲಿ ಎಷ್ಟು ನಿಲ್ದಾಣಗಳೊಂದಿಗೆ, ಎಷ್ಟು ದೇಶಗಳೊಂದಿಗೆ ತಪ್ಪಿಲ್ಲದೆ ಸಂಪರ್ಕ ಸಾಧಿಸಲಾಯಿತು ಎಂಬುದೇ ಈ ಸ್ಪರ್ಧೆಗಳ ಅಳತೆಗೋಲು.

ಸ್ಪರ್ಧೆಯಲ್ಲಿ ಭಾಗವಹಿಸಲು ಪರವಾನಗಿಯ ಹೊರತಾಗಿ ಬೇರೆ ಅನುಮತಿ ಬೇಕೇ, ಸ್ಪರ್ಧೆಯ ನಿಯಮ ಮತ್ತು ಪರವಾನಗಿಯ ಷರತ್ತು ಬೇರೆ ಬೇರೆಯಾಗಿದ್ದಲ್ಲಿ ಯಾವುದನ್ನು ಪಾಲಿಸಬೇಕು, ಲಾಗ್ ಪುಸ್ತಕವನ್ನು ಹೇಗೆ ಬರೆಯಬೇಕು ಎಂಬ ಪ್ರಶ್ನೆಗಳು ಹೊಸ ಪರವಾನಗಿದಾರರಲ್ಲಿ ಸಹಜವಾಗಿ ಮೂಡುತ್ತವೆ. ಇವುಗಳಿಗೆ ಉತ್ತರವಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಉದಾಹರಣೆಗಾಗಿ ಜಗತ್ತಿನ ಅತಿ ದೊಡ್ಡ ಹವ್ಯಾಸಿ ರೇಡಿಯೋ ಸ್ಪರ್ಧೆಗಳಲ್ಲಿ ಒಂದಾದ, 1948ರಲ್ಲಿ ಮೊದಲ ಬಾರಿಗೆ ನಡೆದ ಸಿಕ್ಯೂ ವರ್ಲ್ಡ್ ವೈಡ್ ಡಿಎಕ್ಸ್ ಸ್ಪರ್ಧೆಯನ್ನು ಇಲ್ಲಿ ತೆಗೆದುಕೊಳ್ಳಲಾಗಿದೆ. ಡಿಎಕ್ಸ್ ಎಂದರೆ ದೂರದ ಸಂಪರ್ಕ ಎಂದರ್ಥ.

2. ಮೊದಲ ಹೆಜ್ಜೆ: ಪರವಾನಗಿ

ಭಾರತದಲ್ಲಿ ಹವ್ಯಾಸಿ ರೇಡಿಯೋ ನಿಲ್ದಾಣದ ಪರವಾನಗಿಯು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್ ವಿಭಾಗದ ವ್ಯಾಪ್ತಿಗೆ ಬರುತ್ತದೆ. ಇದು ರಾಜ್ಯ ಸರ್ಕಾರದ ಕಚೇರಿಗಳಲ್ಲಿ ದೊರೆಯುವುದಿಲ್ಲ. ಅರ್ಜಿಯನ್ನು ಸರಳ್ ಸಂಚಾರ್ ಜಾಲತಾಣದ ಮೂಲಕ ಸಲ್ಲಿಸಬೇಕಾಗುತ್ತದೆ. ಪರೀಕ್ಷೆಗಳನ್ನು ವೈರ್‌ಲೆಸ್ ಮಾನಿಟರಿಂಗ್ ಸಂಸ್ಥೆಯ ಕೇಂದ್ರಗಳು ನಡೆಸುತ್ತ ಬಂದಿವೆ. ಕರ್ನಾಟಕದಲ್ಲಿ ಬೆಂಗಳೂರು ಮತ್ತು ಮಂಗಳೂರಿನಲ್ಲಿ ಇಂತಹ ಕೇಂದ್ರಗಳಿವೆ.

1978ರಲ್ಲಿ ರಚಿಸಲಾದ ಹವ್ಯಾಸಿ ಸೇವಾ ನಿಯಮಗಳು ಹಾಗೂ ಅವುಗಳಿಗೆ ಆಗಾಗ ತಂದ ತಿದ್ದುಪಡಿಗಳ ಮೇಲೆ ಈ ವ್ಯವಸ್ಥೆ ಬೆಳೆದು ಬಂದಿದೆ. ದೂರಸಂಪರ್ಕ ಅಧಿನಿಯಮ, 2023ರ ಪ್ರಕರಣಗಳನ್ನು 2024ರಿಂದ ಹಂತ ಹಂತವಾಗಿ ಜಾರಿಗೆ ತರಲಾಗುತ್ತಿರುವುದರಿಂದ, ಅರ್ಜಿದಾರರು ಶುಲ್ಕ, ಪರೀಕ್ಷೆಯ ಪಠ್ಯಕ್ರಮ ಹಾಗೂ ಷರತ್ತುಗಳನ್ನು ಅರ್ಜಿ ಸಲ್ಲಿಸುವ ದಿನದಂದು ಸದರಿ ಜಾಲತಾಣದಲ್ಲಿ ನೋಡಿಕೊಳ್ಳುವುದು ಸೂಕ್ತ.

1978ರ ನಿಯಮಗಳು ಮತ್ತು ಅವುಗಳ ತಿದ್ದುಪಡಿಗಳ ಅನ್ವಯ ನೀಡುತ್ತ ಬಂದಿರುವ ಪರವಾನಗಿಗಳು ಎರಡು ದರ್ಜೆಯವು.

ಅ) ರಿಸ್ಟ್ರಿಕ್ಟೆಡ್ ದರ್ಜೆ: ರೇಡಿಯೋ ಸಿದ್ಧಾಂತ ಹಾಗೂ ನಿಯಮಗಳ ಕುರಿತ ಲಿಖಿತ ಪರೀಕ್ಷೆ ಇರುತ್ತದೆ. ಮೋರ್ಸ್ ಸಂಕೇತದ ಪರೀಕ್ಷೆ ಇರುವುದಿಲ್ಲ. ಕರೆ ಸಂಕೇತವು ವಿಯು3 ಎಂದು ಆರಂಭವಾಗುತ್ತದೆ. ವಿದ್ಯುತ್ ಶಕ್ತಿಯ ಗರಿಷ್ಠ ಮಿತಿ 50 ವ್ಯಾಟ್.

ಆ) ಜನರಲ್ ದರ್ಜೆ: ಲಿಖಿತ ಪರೀಕ್ಷೆಯ ಜೊತೆಗೆ ಮೋರ್ಸ್ ಸಂಕೇತವನ್ನು ಕಳುಹಿಸುವ ಮತ್ತು ಗ್ರಹಿಸುವ ಪರೀಕ್ಷೆಯೂ ಇರುತ್ತದೆ. ಕರೆ ಸಂಕೇತವು ವಿಯು2 ಎಂದು ಆರಂಭವಾಗುತ್ತದೆ. ಗರಿಷ್ಠ ಮಿತಿ 400 ವ್ಯಾಟ್.

ಅರ್ಜಿದಾರರಿಗೆ ಕನಿಷ್ಠ 12 ವರ್ಷ ತುಂಬಿರಬೇಕು. ಪರೀಕ್ಷೆಯಲ್ಲಿ ಉತ್ತೀರ್ಣರಾದ ಮಾತ್ರಕ್ಕೆ ಪ್ರಸಾರ ಮಾಡುವ ಹಕ್ಕು ಬರುವುದಿಲ್ಲ. ಪರವಾನಗಿ ಕೈಸೇರಿ, ಅದರಲ್ಲಿ ಕರೆ ಸಂಕೇತ ನಮೂದಾದ ನಂತರವೇ ನಿಲ್ದಾಣವನ್ನು ನಡೆಸತಕ್ಕದ್ದು. ಪರವಾನಗಿ ಇಲ್ಲದೆ ಪ್ರಸಾರ ಯಂತ್ರವನ್ನು ಹೊಂದಿರುವುದೂ ಅಪರಾಧವಾಗುತ್ತದೆ. ಸ್ಪರ್ಧೆ ಸಮೀಪಿಸಿತೆಂದು ಯಂತ್ರವನ್ನು ಮುಂಚಿತವಾಗಿ ಖರೀದಿಸಿ ಇಟ್ಟುಕೊಳ್ಳುವ ಕ್ರಮ ಸರಿಯಲ್ಲ.

ಪರವಾನಗಿ ಪಡೆದವರು ಸ್ಪರ್ಧೆಯೊಂದರಲ್ಲಿ ತಮ್ಮದೇ ಕರೆ ಸಂಕೇತದಿಂದ, ತಮ್ಮ ಪರವಾನಗಿಯಲ್ಲಿ ನಮೂದಿಸಿದ ವಿಳಾಸದಿಂದ ಭಾಗವಹಿಸಲು ಪ್ರತ್ಯೇಕ ಅನುಮತಿಯ ಅಗತ್ಯವಿರುವುದಿಲ್ಲ. ವಿಶೇಷ ಕರೆ ಸಂಕೇತ ಬೇಕಿದ್ದಲ್ಲಿ, ಇಲ್ಲವೇ ಬೇರೊಂದು ಸ್ಥಳದಲ್ಲಿ ನಿಲ್ದಾಣ ಸ್ಥಾಪಿಸುವುದಿದ್ದಲ್ಲಿ ಸಾಕಷ್ಟು ಮುಂಚಿತವಾಗಿ ಅರ್ಜಿ ಸಲ್ಲಿಸಿ ಅನುಮತಿ ಪಡೆಯಬೇಕು.

3. ಸ್ಪರ್ಧೆಯ ದಿನ ಮತ್ತು ಸಮಯ

ಸಿಕ್ಯೂ ವರ್ಲ್ಡ್ ವೈಡ್ ಸ್ಪರ್ಧೆಯು ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಧ್ವನಿಯ ಮೂಲಕ ಮಾತನಾಡುವ ವಿಭಾಗವು ಅಕ್ಟೋಬರ್ ತಿಂಗಳ ಕೊನೆಯ ಪೂರ್ಣ ವಾರಾಂತ್ಯದಲ್ಲಿಯೂ, ಮೋರ್ಸ್ ಸಂಕೇತದ ವಿಭಾಗವು ನವೆಂಬರ್ ತಿಂಗಳ ಕೊನೆಯ ಪೂರ್ಣ ವಾರಾಂತ್ಯದಲ್ಲಿಯೂ ನಡೆಯುತ್ತವೆ. ಪೂರ್ಣ ವಾರಾಂತ್ಯ ಎಂದರೆ ಶನಿವಾರ ಮತ್ತು ಭಾನುವಾರ ಎರಡೂ ಅದೇ ತಿಂಗಳಿನಲ್ಲಿ ಬರಬೇಕು. ಉದಾಹರಣೆಗೆ, 2020ರಲ್ಲಿ ಅಕ್ಟೋಬರ್ 31 ಶನಿವಾರವಾಗಿದ್ದು, ಭಾನುವಾರ ನವೆಂಬರ್ ತಿಂಗಳಿಗೆ ಸೇರಿತ್ತು. ಆದುದರಿಂದ ಆ ವರ್ಷದ ಸ್ಪರ್ಧೆಯು ಅಕ್ಟೋಬರ್ 24 ಮತ್ತು 25ರಂದು ನಡೆಯಿತು.

ಸ್ಪರ್ಧೆಯ ಅವಧಿ 48 ಗಂಟೆಗಳು. ಶನಿವಾರ ಅಂತರರಾಷ್ಟ್ರೀಯ ಪ್ರಮಾಣ ಕಾಲಮಾನದ 00:00 ಗಂಟೆಗೆ ಆರಂಭವಾಗಿ ಭಾನುವಾರ 23:59ಕ್ಕೆ ಮುಗಿಯುತ್ತದೆ. ಭಾರತೀಯ ಕಾಲಮಾನವು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ, ನಮ್ಮಲ್ಲಿ ಅದು ಶನಿವಾರ ಬೆಳಿಗ್ಗೆ 5:30ರಿಂದ ಸೋಮವಾರ ಬೆಳಿಗ್ಗೆ 5:29ರವರೆಗೆ ಆಗುತ್ತದೆ. ಲಾಗ್ ಪುಸ್ತಕದಲ್ಲಿ ಅಂತರರಾಷ್ಟ್ರೀಯ ಕಾಲಮಾನವನ್ನೇ ಬರೆಯಬೇಕು. ಭಾನುವಾರ ನಸುಕಿನ 2:15ಕ್ಕೆ ಆದ ಸಂಪರ್ಕವು ಲಾಗ್‌ನಲ್ಲಿ ಶನಿವಾರದ 20:45 ಎಂದು ದಾಖಲಾಗಬೇಕು. ದಿನಾಂಕವೂ ಬದಲಾಗುತ್ತದೆಂಬುದನ್ನು ಹೊಸಬರು ಮರೆಯುವುದುಂಟು.

48 ಗಂಟೆಗಳೂ ಎಚ್ಚರವಾಗಿರಬೇಕೆಂಬ ನಿಯಮವೇನೂ ಇಲ್ಲ. ಬಿಡುವಾದಾಗ ಎರಡು ಗಂಟೆ ಕುಳಿತು ಇಪ್ಪತ್ತು ಸಂಪರ್ಕ ಮಾಡಿದವರೂ ಸ್ಪರ್ಧಿಗಳೇ. ಪರವಾನಗಿ ಪಡೆದು ಮೂರು ವರ್ಷ ಮೀರದವರಿಗಾಗಿ ಈ ಸ್ಪರ್ಧೆಯಲ್ಲಿ ಪ್ರತ್ಯೇಕ ಗಣನೆಯೂ ಇದೆ.

4. ಸಂಪರ್ಕದಲ್ಲಿ ಏನು ಹೇಳಬೇಕು

ಸ್ಪರ್ಧೆಯ ಸಂಪರ್ಕವು ಕುಶಲೋಪರಿಯಲ್ಲ. ಎರಡೂ ಕಡೆಯವರು ಕರೆ ಸಂಕೇತ, ಕೇಳಿಬಂದ ಸಂಕೇತದ ಗುಣಮಟ್ಟದ ವರದಿ ಹಾಗೂ ತಮ್ಮ ವಲಯದ ಸಂಖ್ಯೆಯನ್ನು ಪರಸ್ಪರ ತಿಳಿಸುತ್ತಾರೆ. ಈ ಸ್ಪರ್ಧೆಗಾಗಿ ಜಗತ್ತನ್ನು 40 ವಲಯಗಳಾಗಿ ವಿಂಗಡಿಸಲಾಗಿದೆ. ಕರ್ನಾಟಕವು 22ನೇ ವಲಯದಲ್ಲಿದೆ. ಲಕ್ಷದ್ವೀಪವೂ ಇದೇ ವಲಯಕ್ಕೆ ಸೇರಿದ್ದು, ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳು ಮಾತ್ರ 26ನೇ ವಲಯದಲ್ಲಿವೆ. ಈ ಎರಡೂ ದ್ವೀಪ ಸಮೂಹಗಳನ್ನು ಹವ್ಯಾಸಿ ರೇಡಿಯೋ ಗಣನೆಯಲ್ಲಿ ಪ್ರತ್ಯೇಕ ದೇಶಗಳಂತೆ ಎಣಿಸಲಾಗುತ್ತದೆ. ಅಲ್ಲಿಂದ ಅಪರೂಪಕ್ಕೆ ಕೇಳಿಬರುವ ನಿಲ್ದಾಣಕ್ಕೆ ಜಗತ್ತಿನೆಲ್ಲೆಡೆಯಿಂದ ಕರೆ ಬರುವುದು ಈ ಕಾರಣದಿಂದಲೇ.

ಕರ್ನಾಟಕದ ನಿಲ್ದಾಣವೊಂದು ಧ್ವನಿ ವಿಭಾಗದಲ್ಲಿ 'ಫೈವ್ ನೈನ್, ಟ್ವೆಂಟಿ ಟೂ' ಎಂದು ಹೇಳುತ್ತದೆ. ಜರ್ಮನಿಯ ನಿಲ್ದಾಣವು ಕೊನೆಗೆ 14 ಎಂದೂ, ಜಪಾನಿನ ನಿಲ್ದಾಣವು 25 ಎಂದೂ ಹೇಳುತ್ತದೆ. ಇಷ್ಟಕ್ಕೆ ಸಂಪರ್ಕ ಪೂರ್ಣವಾಗುತ್ತದೆ. ಗದ್ದಲದಲ್ಲಿ ಬಿ, ಡಿ, ಇ ಅಕ್ಷರಗಳು ಒಂದೇ ರೀತಿ ಕೇಳಿಸುವುದರಿಂದ ಅವುಗಳನ್ನು ಬ್ರಾವೊ, ಡೆಲ್ಟಾ, ಎಕೋ ಎಂದು ಬಿಡಿಸಿ ಹೇಳುವುದು ರೂಢಿ. ಒಂದು ಅಕ್ಷರದ ಬಗ್ಗೆ ಸಂದೇಹವಿದ್ದರೂ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಬೇಕು. ಮತ್ತೊಮ್ಮೆ ಕೇಳಲು ಸಂಕೋಚಪಡುವ ಅಗತ್ಯವಿಲ್ಲ. ಅನುಭವಿಗಳೂ ಕೇಳುತ್ತಾರೆ.

5. ಅಂಕ ಗಣನೆ

ಬೇರೆ ಖಂಡದ ನಿಲ್ದಾಣದೊಂದಿಗಿನ ಸಂಪರ್ಕಕ್ಕೆ 3 ಅಂಕ. ಏಷ್ಯಾ ಖಂಡದೊಳಗಿನ ಬೇರೆ ದೇಶಕ್ಕೆ 1 ಅಂಕ. ಸ್ವಂತ ದೇಶದ ನಿಲ್ದಾಣಕ್ಕೆ ಅಂಕವಿಲ್ಲ. ಆದರೆ ಅದು ಗುಣಕವಾಗಿ ಲೆಕ್ಕಕ್ಕೆ ಬರುತ್ತದೆ. ಪ್ರತಿ ಬ್ಯಾಂಡಿನಲ್ಲಿ ಸಂಪರ್ಕಿಸಿದ ಹೊಸ ವಲಯ ಮತ್ತು ಹೊಸ ದೇಶ ಒಂದೊಂದು ಗುಣಕವಾಗುತ್ತವೆ. ಒಟ್ಟು ಅಂಕಗಳನ್ನು ಒಟ್ಟು ಗುಣಕಗಳಿಂದ ಗುಣಿಸಿದಾಗ ಅಂತಿಮ ಮೊತ್ತ ದೊರೆಯುತ್ತದೆ.

ತಿಳಿವಳಿಕೆಗಾಗಿ ಒಂದು ಮಾದರಿ ಲೆಕ್ಕ:

ಯುರೋಪಿನ 100 ಸಂಪರ್ಕಗಳು, ತಲಾ 3 ಅಂಕ: 300
ಜಪಾನ್ ಮೊದಲಾದ ಏಷ್ಯಾದ 40 ಸಂಪರ್ಕಗಳು, ತಲಾ 1 ಅಂಕ: 40
ಭಾರತದ 5 ಸಂಪರ್ಕಗಳು: 0
ಒಟ್ಟು ಅಂಕ: 340
ಗುಣಕಗಳು: ವಲಯ 18, ದೇಶ 35, ಒಟ್ಟು 53
ಅಂತಿಮ ಮೊತ್ತ: 340 × 53 = 18,020

ಈ ಲೆಕ್ಕದಲ್ಲಿ ಇನ್ನೊಂದು ಹೊಸ ದೇಶ ಸಿಕ್ಕರೆ ಗುಣಕ 54 ಆಗಿ, ಆ ಒಂದೇ ಸಂಪರ್ಕದಿಂದ ಮೊತ್ತವು 340ಕ್ಕಿಂತ ಹೆಚ್ಚಾಗಿ ಏರುತ್ತದೆ. ಆದುದರಿಂದ ಒಂದೇ ಬ್ಯಾಂಡಿನಲ್ಲಿ ಕುಳಿತು ಒಂದೇ ದಿಕ್ಕಿನ ನಿಲ್ದಾಣಗಳನ್ನು ಕರೆಯುವುದಕ್ಕಿಂತ ಬ್ಯಾಂಡುಗಳನ್ನು ಬದಲಿಸುತ್ತ ಕೇಳುವುದು ಲಾಭಕರ. 14, 21 ಮತ್ತು 28 ಮೆಗಾಹರ್ಟ್ಸ್ ಬ್ಯಾಂಡುಗಳು ಮುಖ್ಯವಾಗಿ ಹಗಲಿನಲ್ಲಿ ಮತ್ತು ಸಂಜೆಯವರೆಗೆ, 3.5 ಮತ್ತು 7 ಮೆಗಾಹರ್ಟ್ಸ್ ಬ್ಯಾಂಡುಗಳು ರಾತ್ರಿಯ ವೇಳೆಯಲ್ಲಿ ದೂರದ ಸಂಪರ್ಕಕ್ಕೆ ಅನುಕೂಲವಾಗಿರುತ್ತವೆ. ಸೂರ್ಯನ ಸುಮಾರು 11 ವರ್ಷಗಳ ಚಟುವಟಿಕೆಯ ಆವರ್ತವನ್ನು ಅನುಸರಿಸಿ 28 ಮೆಗಾಹರ್ಟ್ಸ್ ಬ್ಯಾಂಡು ಕೆಲವು ವರ್ಷ ಜೀವಂತವಾಗಿಯೂ ಕೆಲವು ವರ್ಷ ಮೌನವಾಗಿಯೂ ಇರುತ್ತದೆ.

6. ಸ್ಪರ್ಧೆಯ ನಿಯಮ ಮತ್ತು ಪರವಾನಗಿಯ ಷರತ್ತು

ಅರ್ಜಿದಾರರು ಅತ್ಯಂತ ಗಮನವಿಟ್ಟು ಓದಬೇಕಾದ ಭಾಗ ಇದು. ಸ್ಪರ್ಧೆಯ ನಿಯಮಗಳನ್ನು ಇಡೀ ಜಗತ್ತಿಗಾಗಿ ರಚಿಸಲಾಗಿರುತ್ತದೆ. ಪರವಾನಗಿಯ ಷರತ್ತುಗಳು ಆಯಾ ದೇಶದವು. ಎರಡರಲ್ಲಿ ಯಾವುದು ಹೆಚ್ಚು ಬಿಗಿಯಾಗಿದೆಯೋ ಅದನ್ನೇ ಪಾಲಿಸಬೇಕು.

ಶಕ್ತಿಯ ಮಿತಿ: ಸ್ಪರ್ಧೆಯ ಹೈ ಪವರ್ ವರ್ಗದಲ್ಲಿ 1500 ವ್ಯಾಟ್‌ವರೆಗೆ, ಲೋ ಪವರ್ ವರ್ಗದಲ್ಲಿ 100 ವ್ಯಾಟ್‌ವರೆಗೆ ಅವಕಾಶವಿದೆ. 5 ವ್ಯಾಟ್ ಮೀರದವರಿಗೆ ಬೇರೊಂದು ವರ್ಗವಿದೆ. ಆದರೆ ಭಾರತದ ಜನರಲ್ ದರ್ಜೆಯ ಪರವಾನಗಿದಾರರು ಯಾವ ವರ್ಗದಲ್ಲಿದ್ದರೂ 400 ವ್ಯಾಟ್ ಮೀರುವಂತಿಲ್ಲ. ರಿಸ್ಟ್ರಿಕ್ಟೆಡ್ ದರ್ಜೆಯವರು ಲೋ ಪವರ್ ವರ್ಗದಲ್ಲಿ 100 ವ್ಯಾಟ್ ಎಂದಿದ್ದರೂ 50 ವ್ಯಾಟ್ ಮೀರುವಂತಿಲ್ಲ. ಮಾರುಕಟ್ಟೆಯಲ್ಲಿ ದೊರೆಯುವ ಅನೇಕ ಯಂತ್ರಗಳು 100 ವ್ಯಾಟ್ ಸಾಮರ್ಥ್ಯದವಾಗಿರುವುದರಿಂದ ಯಂತ್ರದಲ್ಲಿ ಶಕ್ತಿಯನ್ನು ತಗ್ಗಿಸಿಕೊಳ್ಳುವ ಹೊಣೆ ಪರವಾನಗಿದಾರರದೇ.

ಆವರ್ತನದ ಮಿತಿ: ಅಮೆರಿಕ ಖಂಡಗಳಲ್ಲಿ ಹವ್ಯಾಸಿಗಳಿಗೆ 7.0ರಿಂದ 7.3 ಮೆಗಾಹರ್ಟ್ಸ್‌ವರೆಗೆ ಅವಕಾಶವಿದೆ. ಭಾರತದಲ್ಲಿ ಅದು 7.2ಕ್ಕೆ ಮುಗಿಯುತ್ತದೆ. ಆದ್ದರಿಂದ 7.25ರಲ್ಲಿ ಅಮೆರಿಕದ ನಿಲ್ದಾಣವೊಂದು ಸ್ಪಷ್ಟವಾಗಿ ಕೇಳಿಬಂದರೂ ಅದೇ ಆವರ್ತನದಲ್ಲಿ ಉತ್ತರಿಸತಕ್ಕದ್ದಲ್ಲ. ಧ್ವನಿ ಸಂಕೇತವು ಸುಮಾರು 3 ಕಿಲೋಹರ್ಟ್ಸ್ ಅಗಲವಿರುತ್ತದೆಂಬುದನ್ನೂ ನೆನಪಿಡಬೇಕು. 14 ಮೆಗಾಹರ್ಟ್ಸ್ ಬ್ಯಾಂಡಿನ ಮೇಲಿನ ಅಂಚು 14.350 ಆಗಿದ್ದು, ಅಲ್ಲಿ ಮೇಲಿನ ಪಾರ್ಶ್ವಪಟ್ಟಿಯನ್ನು ಬಳಸುವುದರಿಂದ ಯಂತ್ರದ ಮುಖದ ಮೇಲೆ 14.349 ಎಂದು ಕಾಣುತ್ತಿದ್ದರೂ ಧ್ವನಿ ಗಡಿಯನ್ನು ದಾಟಿರುತ್ತದೆ.

ವಿಧಾನದ ಮಿತಿ: ನವೆಂಬರ್ ತಿಂಗಳ ಮೋರ್ಸ್ ವಿಭಾಗದಲ್ಲಿ ಭಾಗವಹಿಸುವವರು ತಮ್ಮ ಪರವಾನಗಿಯಲ್ಲಿ ಆ ವಿಧಾನಕ್ಕೆ ಅನುಮತಿ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಗಣಕಯಂತ್ರವು ಮೋರ್ಸ್ ಸಂಕೇತವನ್ನು ತಾನಾಗಿ ಕಳುಹಿಸಬಲ್ಲದು ಎಂಬ ಕಾರಣಕ್ಕೆ ಪರವಾನಗಿಯಲ್ಲಿಲ್ಲದ ಅನುಮತಿ ದೊರೆಯುವುದಿಲ್ಲ.

ವಿಷಯದ ಮಿತಿ: ವ್ಯಾಪಾರದ ಮಾತು, ಸಂಗೀತದ ಪ್ರಸಾರ ಇವುಗಳಿಗೆ ಹವ್ಯಾಸಿ ಸೇವೆಯಲ್ಲಿ ಸ್ಥಾನವಿಲ್ಲ. ಸಾಮಾನ್ಯ ದಿನಗಳಲ್ಲಿ ಮೂರನೆಯವರ ಸಂದೇಶಗಳನ್ನು ರವಾನಿಸಲೂ ಅವಕಾಶವಿಲ್ಲ. ಪರವಾನಗಿ ಇಲ್ಲದ ಮಿತ್ರರು ಅಥವಾ ಮಕ್ಕಳು ಪಕ್ಕದಲ್ಲಿ ಕುಳಿತು ಕೇಳಬಹುದು, ಲಾಗ್ ಬರೆಯಲು ನೆರವಾಗಬಹುದು. ಮೈಕ್ ಹಿಡಿದು ಸ್ಪರ್ಧಿಸುವಂತಿಲ್ಲ.

ಸ್ಪರ್ಧೆಯಲ್ಲಿ ಹೋದ ಅಂಕವನ್ನು ಮುಂದಿನ ವರ್ಷ ಗಳಿಸಬಹುದು. ಷರತ್ತು ಮುರಿದು ಪರವಾನಗಿಗೆ ಕುಂದು ಬಂದಲ್ಲಿ ಓದಿ, ಪರೀಕ್ಷೆ ಬರೆದು, ಕಾದು ಪಡೆದದ್ದು ಕೈತಪ್ಪಿ ಹೋಗುತ್ತದೆ.

7. ಆಂಟೆನಾ ಮತ್ತು ಸುರಕ್ಷತೆ

ದುಬಾರಿ ಗೋಪುರವಿಲ್ಲದೆಯೂ ಸ್ಪರ್ಧಿಸಬಹುದು. ಅರ್ಧ ತರಂಗದ ತಂತಿ ಆಂಟೆನಾ ಹೊಸಬರಿಗೆ ಸಾಕಾಗುತ್ತದೆ. 142.5 ಎಂಬ ಸಂಖ್ಯೆಯನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ತಂತಿಯ ಅಂದಾಜು ಉದ್ದ ಮೀಟರ್‌ಗಳಲ್ಲಿ ದೊರೆಯುತ್ತದೆ. 7.1 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್, 14.2ಕ್ಕೆ ಸುಮಾರು 10 ಮೀಟರ್, 28.5ಕ್ಕೆ ಸುಮಾರು 5 ಮೀಟರ್. ಉದ್ದವನ್ನು ಕಟ್ಟಿದ ನಂತರ ಅಳತೆ ಮಾಡಿ ಸ್ವಲ್ಪ ಹೆಚ್ಚು ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ. ಬಾಡಿಗೆ ಮನೆ ಅಥವಾ ವಸತಿ ಸಮುಚ್ಚಯದಲ್ಲಿರುವವರು ಮಾಲೀಕರ ಇಲ್ಲವೇ ಸಂಘದ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಒಳ್ಳೆಯದು.

ಆಂಟೆನಾ ತಂತಿಯು ಕಟ್ಟುವಾಗಲಾಗಲಿ, ಕಡಿದು ಬಿದ್ದಾಗಲಾಗಲಿ ವಿದ್ಯುತ್ ತಂತಿಗೆ ತಗಲುವ ಸಂಭವವೇ ಇಲ್ಲದಷ್ಟು ದೂರದಲ್ಲಿರಬೇಕು. ಮಹಡಿಯ ಮೇಲೆ ಒಬ್ಬರೇ ಹತ್ತಿ ಕೆಲಸ ಮಾಡಬಾರದು. ಅಕ್ಟೋಬರ್ ಕೊನೆಯ ವಾರ ಕರ್ನಾಟಕದಲ್ಲಿ ಹಿಂಗಾರು ಮಳೆಯ ಕಾಲವಾಗಿದ್ದು, ಸಂಜೆಯ ವೇಳೆ ಗುಡುಗು ಸಿಡಿಲು ಸಾಮಾನ್ಯ. ಗುಡುಗು ಕೇಳಿದ ಕೂಡಲೇ ಪ್ರಸಾರ ನಿಲ್ಲಿಸಿ ಯಂತ್ರದಿಂದ ದೂರವಿರಬೇಕು. ಮೋಡ ಕವಿಯುವ ಲಕ್ಷಣ ಕಂಡಾಗಲೇ ಆಂಟೆನಾದ ಕೇಬಲ್ಲನ್ನು ಯಂತ್ರದಿಂದ ಬೇರ್ಪಡಿಸುವುದು ಕ್ಷೇಮ. ನೆರೆಮನೆಯ ದೂರದರ್ಶನ ಅಥವಾ ಧ್ವನಿವರ್ಧಕದಲ್ಲಿ ತೊಂದರೆ ಕಂಡುಬಂದಿತೆಂದು ಯಾರಾದರೂ ತಿಳಿಸಿದರೆ ಶಕ್ತಿಯನ್ನು ತಗ್ಗಿಸಿ ಕಾರಣವನ್ನು ಪತ್ತೆಹಚ್ಚಿ ಸರಿಪಡಿಸತಕ್ಕದ್ದು.

8. ಲಾಗ್: ಇದು ಸ್ಪರ್ಧೆಯ ಲೆಕ್ಕಪುಸ್ತಕ

ವ್ಯಾಪಾರಿಯ ದಿನವಹಿ ಪುಸ್ತಕ ಇದ್ದಂತೆ ಸ್ಪರ್ಧಿಗೆ ಲಾಗ್ ಪುಸ್ತಕ. ಸಮಯ, ಆವರ್ತನ, ಎದುರಿನ ನಿಲ್ದಾಣದ ಕರೆ ಸಂಕೇತ, ಕಳುಹಿಸಿದ ಹಾಗೂ ಪಡೆದ ವಿವರ ಇವು ಪ್ರತಿ ಸಂಪರ್ಕಕ್ಕೂ ನಮೂದಾಗಬೇಕು. ಸ್ಪರ್ಧೆ ಮುಗಿದ 5 ದಿನಗಳೊಳಗೆ ಕ್ಯಾಬ್ರಿಲೋ ಎಂಬ ನಿಗದಿತ ನಮೂನೆಯಲ್ಲಿ ಲಾಗ್ ಸಲ್ಲಿಸಬೇಕು. ಸ್ಪರ್ಧೆಗಾಗಿ ಇರುವ ಗಣಕ ತಂತ್ರಾಂಶಗಳು ಈ ನಮೂನೆಯನ್ನು ತಾವಾಗಿಯೇ ಸಿದ್ಧಪಡಿಸುತ್ತವೆ.

ಬ್ಯಾಂಕಿನ ಪಾಸ್ ಪುಸ್ತಕವನ್ನು ನಗದು ಪುಸ್ತಕದೊಂದಿಗೆ ತಾಳೆ ನೋಡುವಂತೆ, ಇಲ್ಲಿ ಜಗತ್ತಿನ ಎಲ್ಲ ಕಡೆಯಿಂದ ಬಂದ ಲಾಗ್‌ಗಳನ್ನು ಗಣಕಯಂತ್ರದ ಮೂಲಕ ಪರಸ್ಪರ ತಾಳೆ ಮಾಡಲಾಗುತ್ತದೆ. ಒಬ್ಬರು ಬರೆದ ಸಂಪರ್ಕವು ಇನ್ನೊಬ್ಬರ ಲಾಗ್‌ನಲ್ಲಿ ಇಲ್ಲದಿದ್ದರೆ, ಇಲ್ಲವೇ ಕರೆ ಸಂಕೇತದಲ್ಲಿ ಒಂದು ಅಕ್ಷರ ತಪ್ಪಿದ್ದರೂ ಆ ಸಂಪರ್ಕದ ಅಂಕ ಹೋಗುವುದಲ್ಲದೆ ದಂಡವಾಗಿ ಹೆಚ್ಚುವರಿ ಅಂಕಗಳನ್ನೂ ಕಳೆಯಲಾಗುತ್ತದೆ. ಅವಸರದಲ್ಲಿ ಊಹಿಸಿ ಬರೆದ ಹೆಸರಿಗಿಂತ ಬರೆಯದೆ ಬಿಟ್ಟ ಹೆಸರೇ ಲೇಸು.

ಒಂದೇ ನಿಲ್ದಾಣವನ್ನು ಒಂದೇ ಬ್ಯಾಂಡಿನಲ್ಲಿ ಎರಡನೇ ಬಾರಿ ಸಂಪರ್ಕಿಸಿದರೆ ಅಂಕವೂ ಇಲ್ಲ, ದಂಡವೂ ಇಲ್ಲ. ಅದನ್ನು ಲಾಗ್‌ನಿಂದ ಅಳಿಸದೆ ಹಾಗೆಯೇ ಬಿಡಬೇಕು. ಸ್ಪರ್ಧೆ ಮುಗಿದ ಮೇಲೆ ಧ್ವನಿಮುದ್ರಿಕೆ ಕೇಳಿಯೋ, ಪಟ್ಟಿಗಳನ್ನು ನೋಡಿಯೋ, ಎದುರಿನವರಿಗೆ ಪತ್ರ ಬರೆದು ಕೇಳಿಯೋ ಕರೆ ಸಂಕೇತಗಳನ್ನು ತಿದ್ದಲು ಈ ಸ್ಪರ್ಧೆಯ ನಿಯಮಗಳಲ್ಲಿ ಅವಕಾಶವಿಲ್ಲ. ಕೇಳಿದ್ದನ್ನು ಕೇಳಿದಾಗಲೇ ಸರಿಯಾಗಿ ಬರೆದಿರಬೇಕು ಎಂಬುದೇ ಇದರ ಆಶಯ.

9. ಈ ಅಭ್ಯಾಸದ ಪ್ರಯೋಜನ

ರಾತ್ರಿಯೆಲ್ಲ ಕುಳಿತು ಅಪರಿಚಿತರಿಗೆ ಸಂಖ್ಯೆ ಹೇಳುವುದರಿಂದ ಏನು ಪ್ರಯೋಜನ ಎಂದು ಮನೆಯವರು ಕೇಳುವುದು ಸಹಜ. ಅದಕ್ಕೆ ಉತ್ತರವು ನಮ್ಮ ದೇಶದ ಅನುಭವದಲ್ಲಿಯೇ ಇದೆ.

2001ರ ಜನವರಿ 26ರಂದು ಗುಜರಾತಿನ ಭುಜ್ ಪ್ರದೇಶದಲ್ಲಿ ಭೂಕಂಪವಾಗಿ ದೂರವಾಣಿ ವ್ಯವಸ್ಥೆ ಕುಸಿದಾಗ ಹವ್ಯಾಸಿ ರೇಡಿಯೋದವರು ಅಲ್ಲಿಗೆ ತೆರಳಿ ಸಂಪರ್ಕ ಕಲ್ಪಿಸಿದರು. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅವರ ನೇತೃತ್ವದ ತಂಡವೊಂದು ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ತೆರಳಿ, ಬಹಳ ವರ್ಷಗಳಿಂದ ಮೌನವಾಗಿದ್ದ ಆ ದ್ವೀಪಗಳಿಂದ ಜಗತ್ತಿನ ಹವ್ಯಾಸಿಗಳೊಂದಿಗೆ ಸಂಪರ್ಕ ನಡೆಸುತ್ತಿತ್ತು. ಅದು ಸ್ಪರ್ಧೆಯಲ್ಲದಿದ್ದರೂ, ಒಂದರ ಹಿಂದೊಂದು ಕರೆಗಳನ್ನು ಗದ್ದಲದ ನಡುವೆ ಆಯ್ದು ತಪ್ಪಿಲ್ಲದೆ ಬರೆದುಕೊಳ್ಳುವ ಕೆಲಸ ಸ್ಪರ್ಧೆಯದೇ ಆಗಿತ್ತು. ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿತು. ಅದೇ ತಂಡ, ಅದೇ ಯಂತ್ರಗಳು, ಅದೇ ಆಂಟೆನಾಗಳು ಅಂದಿನಿಂದ ದ್ವೀಪಗಳ ಮತ್ತು ಮುಖ್ಯ ಭೂಭಾಗದ ನಡುವೆ ತುರ್ತು ಸಂದೇಶಗಳನ್ನು ಸಾಗಿಸಿದವು.

ಕ್ಷೀಣವಾದ ದನಿಯಿಂದ ಒಂದು ಹೆಸರನ್ನು, ಒಂದು ಸಂಖ್ಯೆಯನ್ನು ಸರಿಯಾಗಿ ಕೇಳಿ ಬರೆಯುವ ಅಭ್ಯಾಸವು ಅಂತಹ ದಿನ ಒಂದು ಕುಟುಂಬಕ್ಕೆ ಸರಿಯಾದ ಸುದ್ದಿ ತಲುಪುವುದಕ್ಕೂ ತಪ್ಪು ಸುದ್ದಿ ತಲುಪುವುದಕ್ಕೂ ಇರುವ ವ್ಯತ್ಯಾಸವಾಗುತ್ತದೆ. ಸ್ಪರ್ಧೆಯಲ್ಲಿ ತಪ್ಪು ಅಕ್ಷರಕ್ಕೆ ದಂಡ ವಿಧಿಸುವುದರ ಮಹತ್ವವನ್ನು ಈ ಹಿನ್ನೆಲೆಯಲ್ಲಿ ತಿಳಿಯಬೇಕು.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಲಾಗ್‌ನಲ್ಲಿ ಕೇವಲ 15 ಸಂಪರ್ಕಗಳಿವೆ. ಸಲ್ಲಿಸಬೇಕೇ?
ಉತ್ತರ: ಸಲ್ಲಿಸುವುದು ಉತ್ತಮ. ಆ 15 ನಮೂದುಗಳು ಎದುರಿನ 15 ನಿಲ್ದಾಣಗಳ ಲಾಗ್‌ಗಳನ್ನು ತಾಳೆ ಮಾಡಲು ನೆರವಾಗುತ್ತವೆ.

ಪ್ರಶ್ನೆ: ಇಂಗ್ಲಿಷಿನಲ್ಲಿ ಸರಾಗವಾಗಿ ಮಾತನಾಡಲು ಬಾರದವರು ಭಾಗವಹಿಸಬಹುದೇ?
ಉತ್ತರ: ಭಾಗವಹಿಸಬಹುದು. ಅಕ್ಷರಗಳನ್ನು ಬಿಡಿಸಿ ಹೇಳುವ ಕ್ರಮ, ಸಂಖ್ಯೆಗಳು ಹಾಗೂ ಕೆಲವೇ ಪದಗಳು ತಿಳಿದಿದ್ದರೆ ಸಾಕು.

ಪ್ರಶ್ನೆ: ಭಾಗವಹಿಸಲು ಸ್ಪರ್ಧೆಯ ಮುಂಚೆ ಹೆಸರು ನೋಂದಾಯಿಸಬೇಕೇ?
ಉತ್ತರ: ಈ ಸ್ಪರ್ಧೆಗೆ ಮುಂಗಡ ನೋಂದಣಿ ಇಲ್ಲ. ಲಾಗ್ ಸಲ್ಲಿಸುವುದೇ ಪ್ರವೇಶ.

ಪ್ರಶ್ನೆ: ಪರವಾನಗಿಯ ಅರ್ಜಿ ಸಲ್ಲಿಸಲಾಗಿದೆ, ಆದರೆ ಇನ್ನೂ ಬಂದಿಲ್ಲ. ಈ ವರ್ಷದ ಸ್ಪರ್ಧೆಯಲ್ಲಿ ಏನು ಮಾಡಬಹುದು?
ಉತ್ತರ: ಪ್ರಸಾರ ಮಾಡುವಂತಿಲ್ಲ. ಪರವಾನಗಿ ಹೊಂದಿರುವ ಸಮೀಪದ ಹವ್ಯಾಸಿಯೊಬ್ಬರ ನಿಲ್ದಾಣದಲ್ಲಿ ಅವರ ಒಪ್ಪಿಗೆ ಪಡೆದು ಪಕ್ಕದಲ್ಲಿ ಕುಳಿತು ಕೇಳಬಹುದು. ಒಂದು ರಾತ್ರಿ ಹೀಗೆ ಕೇಳಿದವರಿಗೆ ಮುಂದಿನ ವರ್ಷ ತಮ್ಮ ನಿಲ್ದಾಣದಲ್ಲಿ ಕುಳಿತಾಗ ಯಾವುದೂ ಹೊಸದೆನಿಸುವುದಿಲ್ಲ.

ಸ್ಪರ್ಧೆಗಳ ನಿಯಮಗಳು ಕಾಲಕಾಲಕ್ಕೆ ಪರಿಷ್ಕೃತಗೊಳ್ಳುತ್ತವೆ. ಪ್ರತಿ ವರ್ಷ ಸ್ಪರ್ಧೆಗೆ ಮುನ್ನ ಆ ವರ್ಷದ ನಿಯಮಗಳನ್ನೂ, ತಮ್ಮ ಪರವಾನಗಿಯಲ್ಲಿ ನಮೂದಿಸಿದ ಷರತ್ತುಗಳು ಹಾಗೂ ಅವಧಿಯನ್ನೂ ಒಮ್ಮೆ ಓದಿಕೊಳ್ಳುವಂತೆ ಪರವಾನಗಿದಾರರಲ್ಲಿ ಕೋರಲಾಗಿದೆ.